ಯುವಜನರ ಉದ್ಯೋಗ ಶಿಕ್ಷಣ: ತರಬೇತಿಯ ಅನಂತರದ ಪ್ರಶ್ನೆ

ಪ್ರತಿಯೊಂದು ಶಾಲೆಯಲ್ಲಿಯೂ ದಾಖಲಾತಿಯ ದಪ್ಪನೆಯ ಪುಸ್ತಕವೊಂದಿರುತ್ತದೆ. ವಿದ್ಯಾರ್ಥಿಯ ಹೆಸರು, ತಂದೆತಾಯಿಗಳ ಹೆಸರು, ಹುಟ್ಟಿದ ದಿನಾಂಕ, ಸೇರಿದ ತರಗತಿ, ಶಾಲೆಯನ್ನು ಬಿಟ್ಟ ದಿನ, ಬಿಟ್ಟುದಕ್ಕೆ ಕಾರಣ ಇವೆಲ್ಲಕ್ಕೂ ಅದರಲ್ಲಿ ಅಂಕಣಗಳುಂಟು. ವರ್ಗಾವಣೆ ಪತ್ರವನ್ನು ಹಿಡಿದು ಹೊರಟವನು ಮುಂದೆ ಏನಾದನೆಂಬುದನ್ನು ಬರೆದಿಡಲು ಮಾತ್ರ ಅಂಕಣವಿಲ್ಲ. ವೈದ್ಯನಾದವನ, ಅಧಿಕಾರಿಯಾದವನ ಸುದ್ದಿ ಹೇಗೋ ಶಾಲೆಗೆ ಬಂದು ಮುಟ್ಟುತ್ತದೆ; ವಾರ್ಷಿಕೋತ್ಸವದ ವೇದಿಕೆಯ ಮೇಲೆ ಅವನಿಗೊಂದು ಹಾರವೂ ಬೀಳುತ್ತದೆ. ಹತ್ತನೆಯ ತರಗತಿಯ ಗಣಿತದಲ್ಲಿ ಅನುತ್ತೀರ್ಣನಾಗಿ ಊರಿಗೆ ಮರಳಿದವನ, ಪದವಿಪೂರ್ವ ಶಿಕ್ಷಣವನ್ನು ಅರ್ಧಕ್ಕೆ ನಿಲ್ಲಿಸಿ ಮನೆಯಲ್ಲಿ ಕುಳಿತವಳ ಸುದ್ದಿ ಬರುವುದಿಲ್ಲ. ಹದಿನಾರರಿಂದ ಇಪ್ಪತ್ತೈದರವರೆಗಿನ ಈ ವಯಸ್ಸು ಶಾಲೆಯ ಕೈಬಿಟ್ಟು ದುಡಿಮೆಯ ಕೈಗೆ ಇನ್ನೂ ಸಿಗದ ವಯಸ್ಸು. ಈ ಅಂತರದಲ್ಲಿ ನಿಂತವರಿಗಾಗಿ ಸರ್ಕಾರ, ಬ್ಯಾಂಕುಗಳು, ಧಾರ್ಮಿಕ ಸಂಸ್ಥೆಗಳು, ಕಾರ್ಖಾನೆಗಳು ಹಲವು ಯೋಜನೆಗಳನ್ನು ನಡೆಸುತ್ತ ಬಂದಿವೆ. ಅವುಗಳಲ್ಲಿ ಯಾವುವು ತರುಣರ ಕೈಹಿಡಿದವು, ಯಾವುವು ಪ್ರಮಾಣಪತ್ರ ಕೊಟ್ಟು ಕೈತೊಳೆದುಕೊಂಡವು ಎಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

ಓದಿನ ಜೊತೆಗೆ ಕಸುಬನ್ನು ಕಲಿಸಬೇಕೆಂಬ ಮಾತು ಹೊಸದಲ್ಲ. ಗಾಂಧೀಜಿಯವರು 1937ರಲ್ಲಿ ವಾರ್ಧಾದಲ್ಲಿ ಮೂಲಶಿಕ್ಷಣದ ವಿಚಾರವನ್ನು ಮುಂದಿಟ್ಟರು. 1964ರಿಂದ 1966ರವರೆಗೆ ಕೆಲಸ ಮಾಡಿದ ಕೊಠಾರಿ ಆಯೋಗವು ಪ್ರೌಢಶಿಕ್ಷಣವು ವೃತ್ತಿಯ ಕಡೆಗೆ ಮುಖಮಾಡಬೇಕೆಂದು ಹೇಳಿತು. 1986ರ ರಾಷ್ಟ್ರೀಯ ಶಿಕ್ಷಣ ನೀತಿಯಂತೂ ಲೆಕ್ಕವನ್ನೇ ಕೊಟ್ಟಿತು: ಹತ್ತನೆಯ ತರಗತಿಯ ಅನಂತರದ ವಿದ್ಯಾರ್ಥಿಗಳಲ್ಲಿ 1990ರ ವೇಳೆಗೆ ಶೇಕಡಾ 10ರಷ್ಟು, 1995ರ ವೇಳೆಗೆ ಶೇಕಡಾ 25ರಷ್ಟು ಮಂದಿ ವೃತ್ತಿ ಶಿಕ್ಷಣಕ್ಕೆ ಬರಬೇಕು. ಈ ಗುರಿಯನ್ನು ಮುಟ್ಟಲಾಗಲಿಲ್ಲ. ಕಾರಣ ಹಲವು, ಆದರೆ ಮುಖ್ಯವಾದ ಕಾರಣವನ್ನು ಅಧ್ಯಾಪಕರೆಲ್ಲರೂ ಬಲ್ಲರು. ಕಸುಬಿನ ಓದು ಎಂದರೆ ಬೇರೆಲ್ಲೂ ಸಲ್ಲದವರ ಓದು ಎಂಬ ಭಾವನೆ ಪೋಷಕರಲ್ಲಿದ್ದಂತೆಯೇ ಶಾಲೆಗಳಲ್ಲಿಯೂ ಬೇರೂರಿತ್ತು.

ಶಾಲೆಯ ಹೊರಗೆ ನಡೆದ ಪ್ರಯತ್ನಗಳಲ್ಲಿ ಬಹಳ ದೊಡ್ಡದು 'ಟ್ರೈಸೆಮ್' ಎಂದು ಹೆಸರಾದ ಕೇಂದ್ರ ಸರ್ಕಾರದ ಯೋಜನೆ. ಗ್ರಾಮೀಣ ತರುಣರಿಗೆ ಸ್ವಯಂ ಉದ್ಯೋಗದ ತರಬೇತಿ ಕೊಡುವ ಈ ಯೋಜನೆ 1979ರ ಆಗಸ್ಟ್ 15ರಂದು ಆರಂಭವಾಯಿತು. 18ರಿಂದ 35ರ ವಯಸ್ಸಿನ, ಬಡತನದ ರೇಖೆಗಿಂತ ಕೆಳಗಿನ ಕುಟುಂಬಗಳ ಎರಡು ಲಕ್ಷ ಮಂದಿಯನ್ನು ವರ್ಷವೊಂದಕ್ಕೆ ತರಬೇತುಗೊಳಿಸುವುದು ಅದರ ಗುರಿ; ಅಭಿವೃದ್ಧಿ ಬ್ಲಾಕ್ ಒಂದಕ್ಕೆ ನಲವತ್ತು ಮಂದಿ ಎಂದು ಲೆಕ್ಕ. ಶಿಷ್ಯವೇತನವನ್ನೂ ಕೊಡಲಾಗುತ್ತಿತ್ತು. ಇಪ್ಪತ್ತು ವರ್ಷ ನಡೆದು, 1999ರ ಏಪ್ರಿಲ್‌ನಲ್ಲಿ ಅದು ಸ್ವರ್ಣಜಯಂತಿ ಗ್ರಾಮ ಸ್ವರೋಜಗಾರ್ ಯೋಜನೆಯಲ್ಲಿ ಲೀನವಾಯಿತು. ಒಂಬತ್ತನೆಯ ಪಂಚವಾರ್ಷಿಕ ಯೋಜನೆಯ ದಸ್ತಾವೇಜು ಇದರ ಬಗ್ಗೆ ಕಟುವಾಗಿಯೇ ಬರೆದಿದೆ. ಕೆಲವು ಜಿಲ್ಲೆಗಳಲ್ಲಿ ತರಬೇತಿ ಕೇಂದ್ರಗಳೇ ಇರಲಿಲ್ಲವೆಂದೂ, ಬಂದ ತರುಣರಿಗೆ ಆಸಕ್ತಿಯಿದ್ದುದು ಶಿಷ್ಯವೇತನದಲ್ಲಿ ಮಾತ್ರವೆಂದೂ ಅದರ ಅಭಿಪ್ರಾಯ.

ಮೊದಲನೆಯ ಆಪಾದನೆ ಆಡಳಿತಕ್ಕೆ ಸೇರಿದ್ದು. ಅದರ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಎರಡನೆಯದು ತರುಣರ ಮೇಲೆ ಹೊರಿಸಿದ್ದು. ಅದು ನ್ಯಾಯವೇ ಎಂದು ಕೇಳಬೇಕು. ಕೂಲಿಯ ಮನೆಯ ಇಪ್ಪತ್ತರ ಹುಡುಗ ಆರು ತಿಂಗಳು ತರಬೇತಿಗೆ ಬಂದರೆ ಆ ಮನೆಗೆ ಆರು ತಿಂಗಳ ಕೂಲಿ ತಪ್ಪುತ್ತದೆ. ಶಿಷ್ಯವೇತನವು ಅವನ ಪಾಲಿಗೆ ಲಾಭವಲ್ಲ, ಆದ ನಷ್ಟದ ಒಂದು ಭಾಗ. ತರಬೇತಿ ಮುಗಿದ ಮೇಲೆ ಬ್ಯಾಂಕಿನ ಸಾಲ ದೊರೆಯದೆ, ಕಲಿತ ಕಸುಬಿಗೆ ಊರಿನಲ್ಲಿ ಗಿರಾಕಿಯಿಲ್ಲದೆ ಹೋದಾಗ ಅವನಿಗೆ ನಿಜವಾಗಿ ಕೈಗೆ ಬಂದದ್ದು ಆ ಶಿಷ್ಯವೇತನವೊಂದೇ. ಯೋಜನೆಯು ಕೊಟ್ಟುದರಲ್ಲಿ ಯಾವುದು ಗಟ್ಟಿಯೋ ಅದರಲ್ಲಿ ಆಸಕ್ತಿ ತೋರಿದವನನ್ನು ಆಸೆಬುರುಕನೆನ್ನುವುದು ಸಲ್ಲದು.

ಟ್ರೈಸೆಮ್ ಇನ್ನೂ ಎಳೆಯದಾಗಿದ್ದ ಕಾಲದಲ್ಲಿಯೇ, 1982ರಲ್ಲಿ, ದಕ್ಷಿಣ ಕನ್ನಡದ ಬೆಳ್ತಂಗಡಿ ತಾಲ್ಲೂಕಿನ ಉಜಿರೆಯಲ್ಲಿ ಬೇರೊಂದು ಬಗೆಯ ಸಂಸ್ಥೆ ಹುಟ್ಟಿಕೊಂಡಿತು. ಧರ್ಮಸ್ಥಳದ ಧರ್ಮಾಧಿಕಾರಿಗಳಾದ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ನೇತೃತ್ವದ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಶಿಕ್ಷಣ ಸಂಸ್ಥೆಯು ಸಿಂಡಿಕೇಟ್ ಬ್ಯಾಂಕು ಮತ್ತು ಕೆನರಾ ಬ್ಯಾಂಕುಗಳ ಜೊತೆಗೂಡಿ ಸ್ಥಾಪಿಸಿದ ಗ್ರಾಮೀಣ ಅಭಿವೃದ್ಧಿ ಮತ್ತು ಸ್ವ ಉದ್ಯೋಗ ತರಬೇತಿ ಸಂಸ್ಥೆ ಅದು. ಜನರ ಬಾಯಲ್ಲಿ 'ರುಡ್‌ಸೆಟ್'. ಈ ಮೂವರ ಕೂಟವನ್ನು ಸ್ವಲ್ಪ ಗಮನಿಸಬೇಕು. ಊಟ ವಸತಿಗಳನ್ನು ಉಚಿತವಾಗಿ ಕೊಟ್ಟು ಜನರನ್ನು ನಡೆಸಿಕೊಳ್ಳುವ ಅನುಭವ ಕ್ಷೇತ್ರಕ್ಕಿತ್ತು. ಸಾಲ ಕೊಡುವ ಅಧಿಕಾರ ಬ್ಯಾಂಕುಗಳಿಗಿತ್ತು. ತರಬೇತಿ ಕೊಡುವವರೊಬ್ಬರು, ಸಾಲ ಕೊಡುವವರು ಇನ್ನೊಬ್ಬರು ಎಂಬ ಒಡಕಿನಲ್ಲಿಯೇ ಟ್ರೈಸೆಮ್ ಸೋತದ್ದು. ಇಲ್ಲಿ ಆ ಇಬ್ಬರೂ ಮೊದಲ ದಿನವೇ ಒಂದೇ ಸೂರಿನ ಕೆಳಗೆ ಕುಳಿತರು.

ಈ ಎರಡು ಬ್ಯಾಂಕುಗಳೂ ಕರಾವಳಿಯಲ್ಲಿಯೇ ಹುಟ್ಟಿದವು. 1906ರಲ್ಲಿ ಮಂಗಳೂರಿನಲ್ಲಿ ಒಂದು, 1925ರಲ್ಲಿ ಉಡುಪಿಯಲ್ಲಿ ಇನ್ನೊಂದು. ಸಿಂಡಿಕೇಟ್ ಬ್ಯಾಂಕು 1928ರಲ್ಲಿಯೇ ಪಿಗ್ಮಿ ಠೇವಣಿಯನ್ನು ಆರಂಭಿಸಿ, ದಿನವೂ ಮನೆಬಾಗಿಲಿಗೆ ಹೋಗಿ ಪುಡಿಗಾಸನ್ನು ಸಂಗ್ರಹಿಸುವ ಪದ್ಧತಿಯನ್ನು ರೂಢಿಗೆ ತಂದಿತ್ತು. (ಆ ಬ್ಯಾಂಕು 2020ರ ಏಪ್ರಿಲ್‌ನಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು.) ಬಡವನ ಬಾಗಿಲಿಗೆ ಮತ್ತೆ ಮತ್ತೆ ಹೋಗುವುದು ಬ್ಯಾಂಕಿನ ಘನತೆಗೆ ಕುಂದಲ್ಲವೆಂಬ ಆ ಅಭ್ಯಾಸವೇ ಮುಂದೆ ಉಜಿರೆಯಲ್ಲಿ ಬೇರೊಂದು ರೂಪದಲ್ಲಿ ಕಾಣಿಸಿಕೊಂಡಿತೆಂದರೆ ತಪ್ಪಾಗದು.

ಸಂಸ್ಥೆಯ ಕ್ರಮ ಹೀಗಿದೆ. ಅರ್ಜಿ ಹಾಕಿದವರನ್ನು ಕರೆದು ಮಾತನಾಡಿಸಿ ಆರಿಸುತ್ತಾರೆ. ಒಂದು ತಂಡಕ್ಕೆ ಸುಮಾರು ಇಪ್ಪತ್ತೈದರಿಂದ ಮೂವತ್ತೈದು ಮಂದಿ. ದ್ವಿಚಕ್ರ ವಾಹನಗಳ ದುರಸ್ತಿ, ವಿದ್ಯುತ್ ಮೋಟಾರುಗಳ ರೀವೈಂಡಿಂಗ್, ಮನೆಗಳಿಗೆ ವಿದ್ಯುತ್ ತಂತಿ ಜೋಡಣೆ, ಹೈನುಗಾರಿಕೆ, ಹೊಲಿಗೆ, ಛಾಯಾಚಿತ್ರಗ್ರಹಣ, ಇತ್ತೀಚೆಗೆ ಮೊಬೈಲ್ ದುರಸ್ತಿ, ಹೀಗೆ ಕಸುಬುಗಳು ಹಲವು. ಅವಧಿ ದೀರ್ಘವಲ್ಲ, ಒಂದು ವಾರದಿಂದ ಒಂದೂವರೆ ತಿಂಗಳವರೆಗೆ. ಶಿಬಿರಾರ್ಥಿಗಳು ಅಲ್ಲಿಯೇ ಇರಬೇಕು, ಅಲ್ಲಿಯೇ ಉಣ್ಣಬೇಕು, ಖರ್ಚು ಸಂಸ್ಥೆಯದು. ಬೆಳಗಿನ ಜಾವವೇ ದಿನಚರಿ ಮೊದಲಾಗುತ್ತದೆ. ಕರ್ನಾಟಕದ ಮಠಗಳು ನಡೆಸಿಕೊಂಡು ಬಂದಿರುವ ಉಚಿತ ಪ್ರಸಾದ ನಿಲಯಗಳನ್ನು ಬಲ್ಲವರಿಗೆ ಇದರ ಅರ್ಥವನ್ನು ವಿವರಿಸಬೇಕಾಗಿಲ್ಲ. ಅನ್ನ ಮತ್ತು ಆಶ್ರಯದ ಚಿಂತೆ ನೀಗಿದಲ್ಲದೆ ಬಡ ವಿದ್ಯಾರ್ಥಿಯ ಮನಸ್ಸು ವಿದ್ಯೆಯ ಕಡೆಗೆ ತಿರುಗದು.

ಇಷ್ಟು ಕಡಮೆ ದಿನಗಳಲ್ಲಿ ಕಸುಬು ಪೂರ್ತಿಯಾಗಿ ಕೈಗೆ ಹತ್ತೀತೆ ಎಂಬ ಸಂದೇಹ ಸಹಜ. ಹತ್ತುವುದಿಲ್ಲ, ಕಸುಬು ಕೈಗೆ ಹತ್ತುವುದು ಮಾಡುತ್ತ ಮಾಡುತ್ತ. ಶಿಬಿರದ ಒಂದು ಭಾಗ ಮೀಸಲಾಗಿರುವುದು ಮನಸ್ಸನ್ನು ಸಿದ್ಧಗೊಳಿಸುವುದಕ್ಕೆ. ಜಾತ್ರೆಯಲ್ಲಿ ಬಳೆ ಎಸೆಯುವ ಆಟದಂತಹ ಆಟವೊಂದನ್ನು ಈ ಬಗೆಯ ತರಬೇತಿಗಳಲ್ಲಿ ಆಡಿಸುತ್ತಾರೆ. ಗೂಟಕ್ಕೆ ಬಳೆಯನ್ನು ಎಷ್ಟು ದೂರದಿಂದ ಎಸೆಯಬೇಕೆಂಬುದನ್ನು ಆಡುವವನೇ ನಿರ್ಧರಿಸಬೇಕು. ದೂರ ಹೆಚ್ಚಿದಷ್ಟೂ ಅಂಕ ಹೆಚ್ಚು. ಕೆಲವರು ಗೂಟಕ್ಕೆ ತಾಗಿ ನಿಲ್ಲುತ್ತಾರೆ. ಸೋಲಿಲ್ಲ, ಗಳಿಕೆಯೂ ಇಲ್ಲ. ಕೆಲವರು ಗೋಡೆಗೆ ಒರಗಿ ನಿಂತು ಎಸೆಯುತ್ತಾರೆ; ಬಿದ್ದರೆ ಅದೃಷ್ಟ. ತನ್ನ ಕೈಯ ಅಳತೆಯನ್ನು ಅರಿತು, ನಡುವಿನ ದೂರವೊಂದನ್ನು ಆರಿಸಿ, ತಪ್ಪಿದಾಗ ಒಂದು ಹೆಜ್ಜೆ ಮುಂದೆ ಬಂದು, ಹಿಡಿತ ಸಿಕ್ಕಾಗ ಒಂದು ಹೆಜ್ಜೆ ಹಿಂದೆ ಸರಿಯುವವನಲ್ಲಿ ಉದ್ಯಮಿಯ ಲಕ್ಷಣವುಂಟು. ಈ ಆಟದ ಹಿಂದೆ ಅಮೆರಿಕದ ಮನಶ್ಶಾಸ್ತ್ರಜ್ಞ ಡೇವಿಡ್ ಮೆಕ್‌ಲೆಲ್ಯಾಂಡ್ ಅವರ ಸಂಶೋಧನೆಯಿದೆ. ಅವರು ಮತ್ತು ಅವರ ಸಹೋದ್ಯೋಗಿಗಳು 1964–65ರಲ್ಲಿ ಹೈದರಾಬಾದಿನ ಸಣ್ಣ ಕೈಗಾರಿಕೆಗಳ ತರಬೇತಿ ಸಂಸ್ಥೆಯಲ್ಲಿ ಆಂಧ್ರದ ಕಾಕಿನಾಡದ ವ್ಯಾಪಾರಿಗಳಿಗೆ ಇಂತಹ ಶಿಕ್ಷಣ ಕೊಟ್ಟು, ಅದನ್ನು ಪಡೆಯದವರಿಗಿಂತ ಪಡೆದವರು ಹೊಸ ಉದ್ಯಮಗಳಿಗೆ ಹೆಚ್ಚಾಗಿ ಕೈಹಾಕಿದುದನ್ನು ಕಂಡರು. ಸಾಹಸಪ್ರವೃತ್ತಿ ಹುಟ್ಟಿನಿಂದಲೇ ಬರತಕ್ಕದ್ದು, ಕಲಿಸಲು ಬಾರದು ಎಂಬ ನಂಬಿಕೆಯನ್ನು ಈ ಪ್ರಯೋಗ ತಕ್ಕಮಟ್ಟಿಗೆ ಅಲುಗಿಸಿತು.

ಆದರೆ ಉಜಿರೆಯ ಮಾದರಿಯ ಜೀವ ಇರುವುದು ಆಟದಲ್ಲಿಯೂ ಅಲ್ಲ, ಊಟ ವಸತಿಯಲ್ಲಿಯೂ ಅಲ್ಲ. ಶಿಬಿರ ಮುಗಿದ ಮೇಲಿನ ಎರಡು ವರ್ಷಗಳಲ್ಲಿ. ಶಿಬಿರಾರ್ಥಿಯನ್ನು ಊರಿಗೆ ಕಳಿಸಿದ ಮೇಲೆಯೂ ಎರಡು ವರ್ಷ ಅವನ ಜೊತೆ ಸಂಪರ್ಕವಿಟ್ಟುಕೊಳ್ಳುವುದು ಸಂಸ್ಥೆಯ ನಿಯಮ. ಪತ್ರ, ದೂರವಾಣಿ, ಮನೆಗೆ ಭೇಟಿ, ಹಳೆಯ ಶಿಬಿರಾರ್ಥಿಗಳ ಸಭೆ ಇವು ಅದರ ಸಾಧನಗಳು. ಬ್ಯಾಂಕಿನ ಶಾಖೆಯಲ್ಲಿ ಅರ್ಜಿ ಎಲ್ಲಿ ನಿಂತಿದೆ, ಅಂಗಡಿಗೆ ಜಾಗ ಸಿಕ್ಕಿತೆ, ಮೊದಲ ಗಿರಾಕಿ ಹಣ ಬಾಕಿ ಉಳಿಸಿಕೊಂಡನೆ ಎಂಬಂಥ ಸಣ್ಣ ಸಣ್ಣ ವಿಷಯಗಳನ್ನೇ ವಿಚಾರಿಸುವುದು. ಹೊರಗಿನವರಿಗೆ ಇವು ಕ್ಷುಲ್ಲಕವೆನಿಸಬಹುದು. ಆದರೆ ಹೊಸದಾಗಿ ಅಂಗಡಿ ತೆರೆದ ಇಪ್ಪತ್ತೆರಡರ ತರುಣ ಸೋಲುವುದು ದೊಡ್ಡ ಕಾರಣಗಳಿಂದಲ್ಲ. ಮೂರನೆಯ ತಿಂಗಳಿನಲ್ಲಿ ಬಾಡಿಗೆ ಕಟ್ಟಲಾಗದೆ, ಮನೆಯವರ ಎದುರು ತಲೆಯೆತ್ತಲಾಗದೆ, ಯಾರನ್ನು ಕೇಳಬೇಕೆಂದು ತಿಳಿಯದೆ ಬಾಗಿಲು ಹಾಕುತ್ತಾನೆ. ಆ ತಿಂಗಳಿನಲ್ಲಿ ಒಬ್ಬರು ಬಂದು ವಿಚಾರಿಸಿದರೆ ಅಂಗಡಿ ಉಳಿಯುವ ಸಂಭವವುಂಟು.

ವಸತಿಸಹಿತ ತರಬೇತಿಯ ವಿಚಾರ ಈ ನಾಡಿಗೇ ಸೀಮಿತವಲ್ಲ. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ 1964ರಲ್ಲಿ ಆರಂಭವಾದ 'ಜಾಬ್ ಕೋರ್' ಎಂಬ ಯೋಜನೆ 16ರಿಂದ 24ರ ವಯಸ್ಸಿನ ಬಡ ತರುಣರನ್ನು ಕೇಂದ್ರಗಳಲ್ಲಿ ಇರಿಸಿಕೊಂಡು ಬಿಟ್ಟುಹೋದ ಓದನ್ನೂ ಕಸುಬನ್ನೂ ಒಟ್ಟಿಗೆ ಕಲಿಸಿತು. 1990ರ ದಶಕದ ನಡುವಿನಲ್ಲಿ ಅರ್ಜಿ ಹಾಕಿದ ಸುಮಾರು 15,000 ಮಂದಿಯನ್ನು ಚೀಟಿ ಎತ್ತಿದಂತೆ ಎರಡು ಗುಂಪುಗಳಾಗಿ ವಿಂಗಡಿಸಿ, ಅವಕಾಶ ಪಡೆದವರನ್ನೂ ಪಡೆಯದವರನ್ನೂ ವರ್ಷಗಳ ಕಾಲ ಹಿಂಬಾಲಿಸಿ ಹೋಲಿಸಿದರು. ಅವಕಾಶ ಪಡೆದವರಲ್ಲಿ ಪ್ರಮಾಣಪತ್ರ ಗಳಿಸಿದವರು ಹೆಚ್ಚು, ಪೊಲೀಸರ ಕೈಗೆ ಸಿಕ್ಕವರು ಕಡಮೆ. ಮೂರನೆಯ ನಾಲ್ಕನೆಯ ವರ್ಷಗಳಲ್ಲಿ ಸಂಪಾದನೆಯೂ ಹೆಚ್ಚಿತ್ತು. ಆಮೇಲೆ ಸಂಪಾದನೆಯ ಆ ಅಂತರ ಕರಗಿಹೋಯಿತು. ಸೇರುವಾಗ ಇಪ್ಪತ್ತು ದಾಟಿದ್ದವರಲ್ಲಿ ಮಾತ್ರ ಅದು ಉಳಿದಂತೆ ತೋರಿತು. ತರಬೇತಿ ಮುಗಿದ ದಿನದ ಲೆಕ್ಕವನ್ನೇ ನೆಚ್ಚಿಕೊಂಡಿದ್ದರೆ ಈ ಸಂಗತಿ ಬೆಳಕಿಗೆ ಬರುತ್ತಲೇ ಇರಲಿಲ್ಲ. ಕಲಿತವರನ್ನು ಹಿಂಬಾಲಿಸುವುದು ಅವರಿಗೆ ನೆರವಾಗುವುದಷ್ಟೇ ಅಲ್ಲ. ತರಬೇತಿ ಕೊಟ್ಟವರಿಗೂ ಅದು ಕನ್ನಡಿ.

ಉಜಿರೆಯ ಪ್ರಯೋಗವನ್ನು ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯ 2009ರಲ್ಲಿ ದೇಶಕ್ಕೆಲ್ಲ ಮಾದರಿಯಾಗಿ ಸ್ವೀಕರಿಸಿತು. ಜಿಲ್ಲೆಗೊಂದರಂತೆ ಗ್ರಾಮೀಣ ಸ್ವ ಉದ್ಯೋಗ ತರಬೇತಿ ಸಂಸ್ಥೆಗಳನ್ನು ಅಲ್ಲಲ್ಲಿಯ ಅಗ್ರಣಿ ಬ್ಯಾಂಕುಗಳು ತೆರೆಯಬೇಕೆಂದಾಯಿತು. ಕಟ್ಟಡಕ್ಕೆ ಒಂದು ಕೋಟಿ ರೂಪಾಯಿಗಳ ನೆರವು, ಶಿಬಿರಾರ್ಥಿಗಳಲ್ಲಿ ಕನಿಷ್ಠ ಶೇಕಡಾ 70ರಷ್ಟು ಮಂದಿ ಗ್ರಾಮೀಣ ಬಡ ಕುಟುಂಬಗಳವರಾಗಿರಬೇಕೆಂಬ ಷರತ್ತು, ಎರಡು ವರ್ಷಗಳ ಅನುಸರಣೆ, ಎಲ್ಲವೂ ನಿಯಮದಲ್ಲಿ ಸೇರಿದವು. ನಿಯಮದಲ್ಲಿ ಸೇರಿದುದೆಲ್ಲ ನಡವಳಿಕೆಯಲ್ಲಿ ಒಂದೇ ಸಮನಾಗಿ ಇಳಿಯುವುದಿಲ್ಲವೆಂಬುದು ಬೇರೆ ಮಾತು. ಕಟ್ಟಡ ಕಣ್ಣಿಗೆ ಕಾಣುತ್ತದೆ. ಅದರ ಗೋಡೆಯ ಮೇಲೆ ಕೊಟ್ಟವರ ಹೆಸರಿನ ಕಲ್ಲನ್ನು ಕೂರಿಸಬಹುದು. ಬಸ್ಸು ಹಿಡಿದು ಹಳ್ಳಿಗೆ ಹೋಗಿ ಹಳೆಯ ಶಿಬಿರಾರ್ಥಿಯ ಅಂಗಡಿಯ ಮುಂದೆ ಅರ್ಧ ಗಂಟೆ ಕುಳಿತು ಬರುವ ನೌಕರನ ಪ್ರಯಾಣ ವೆಚ್ಚಕ್ಕೆ ಕಲ್ಲು ಕೂರಿಸುವವರು ಯಾರೂ ಇಲ್ಲ. ದಾನಿಗಳ ಕೃಪೆಯಿಂದ ನಡೆಯುವ ಸಂಸ್ಥೆಗಳೆಲ್ಲ ಈ ವಿಚಾರವನ್ನು ತಮ್ಮ ಮುಂಗಡ ಪತ್ರದಲ್ಲಿ ಒಮ್ಮೆ ಹುಡುಕಿ ನೋಡಬಹುದು.

ಎಲ್ಲರೂ ಅಂಗಡಿ ತೆರೆಯಲಾರರು; ತೆರೆಯಬೇಕಾದುದೂ ಇಲ್ಲ. ಸಂಬಳದ ಕೆಲಸಕ್ಕೆ ಹೋಗುವವರಿಗೆ ದಾರಿಯಾಗಿ ಇರುವುದು 1950ರಲ್ಲಿ ಆರಂಭವಾದ ಕುಶಲಕರ್ಮಿ ತರಬೇತಿ ಯೋಜನೆಯ ಐ.ಟಿ.ಐ.ಗಳು ಮತ್ತು 1961ರ ಅಪ್ರೆಂಟಿಸ್ ಕಾಯಿದೆ. ಈ ಕಾಯಿದೆಯ ಪ್ರಕಾರ ನಿಗದಿತ ಸಂಖ್ಯೆಗಿಂತ ಹೆಚ್ಚು ನೌಕರರುಳ್ಳ ಕಾರ್ಖಾನೆಗಳು ಇಂತಿಷ್ಟು ತರುಣರಿಗೆ ಕೆಲಸದ ಸ್ಥಳದಲ್ಲಿಯೇ ಕಲಿಸಬೇಕು, ಶಿಷ್ಯವೇತನ ಕೊಡಬೇಕು. 1973ರ ತಿದ್ದುಪಡಿ ಎಂಜಿನಿಯರಿಂಗ್ ಪದವೀಧರರನ್ನೂ ಡಿಪ್ಲೊಮಾ ಪಡೆದವರನ್ನೂ ಒಳಗೆ ತಂದಿತು; 2014ರದು ಇತರ ಪದವೀಧರರಿಗೂ ಬಾಗಿಲು ತೆರೆಯಿತು. 2019ರ ನಿಯಮಗಳಲ್ಲಿ ಕನಿಷ್ಠ ಶಿಷ್ಯವೇತನವನ್ನು ಓದಿಗೆ ತಕ್ಕಂತೆ ತಿಂಗಳಿಗೆ 5,000ದಿಂದ 9,000 ರೂಪಾಯಿಗಳವರೆಗೆ ಗೊತ್ತುಪಡಿಸಲಾಯಿತು.

ಆದರೆ ಕಲಿಸಿದವನಿಗೇ ಕೆಲಸ ಕೊಡಬೇಕೆಂಬ ಕಟ್ಟು ಮಾಲೀಕನಿಗಿಲ್ಲ. 2014ರ ತಿದ್ದುಪಡಿಯವರೆಗೆ ಕಾಯಿದೆಯೇ ಹಾಗೆ ಹೇಳುತ್ತಿತ್ತು. ಒಂದೆರಡು ವರ್ಷ ಯಂತ್ರದ ಮುಂದೆ ನಿಂತು ಕೈ ಪಳಗಿದ ತರುಣ ಅವಧಿ ಮುಗಿದ ಮರುದಿನ ಗೇಟಿನ ಹೊರಗಿರುತ್ತಾನೆ; ಅವನ ಜಾಗದಲ್ಲಿ ಹೊಸ ಅಪ್ರೆಂಟಿಸ್ ನಿಂತಿರುತ್ತಾನೆ. ಉತ್ತರ ಪ್ರದೇಶದ ರಸ್ತೆ ಸಾರಿಗೆ ನಿಗಮದಲ್ಲಿ ಕಲಿತು ಹೊರಬಿದ್ದವರ ಈ ಸಂಕಟ ಸುಪ್ರೀಂ ಕೋರ್ಟಿನವರೆಗೂ ಹೋಯಿತು. 1995ರಲ್ಲಿ ನ್ಯಾಯಾಲಯ ಕೊಟ್ಟ ತೀರ್ಪು ಮಧ್ಯಮ ಮಾರ್ಗದ್ದು. ಕೆಲಸ ಕೊಡಲೇಬೇಕೆಂದು ಅದು ಹೇಳಲಿಲ್ಲ. ಉಳಿದೆಲ್ಲ ಸಮನಾಗಿದ್ದಾಗ ನೇರವಾಗಿ ಬಂದವನಿಗಿಂತ ತರಬೇತಿ ಪಡೆದವನಿಗೆ ಆದ್ಯತೆ ಕೊಡಬೇಕು, ಅವನ ಹೆಸರು ಉದ್ಯೋಗ ವಿನಿಮಯ ಕೇಂದ್ರದ ಮೂಲಕವೇ ಬರಬೇಕೆಂದು ಒತ್ತಾಯಿಸಬಾರದು ಎಂದು ಹೇಳಿತು. ಈ ತೀರ್ಪನ್ನು ಬಲ್ಲ ತರುಣರು ಎಷ್ಟು ಮಂದಿ? ಬಲ್ಲವರು ಕಡಮೆಯಾದಷ್ಟೂ ಅದರ ಪ್ರಯೋಜನವೂ ಕಡಮೆ.

ಕಲಿಕೆ ಮತ್ತು ಉತ್ಪಾದನೆ ಒಂದಾದಲ್ಲಿ ಈ ತೊಡಕು ತಾನಾಗಿಯೇ ಸಡಿಲುವುದುಂಟು. ಡೆನ್ಮಾರ್ಕ್ ಸರ್ಕಾರದ ಸಹಾಯದಿಂದ 1972ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರದಲ್ಲಿ ವಿದ್ಯಾರ್ಥಿಗಳು ಕಲಿಯುವ ಸೂರಿನ ಕೆಳಗೇ ಕಾರ್ಖಾನೆಗಳು ಕೊಟ್ಟ ಅಚ್ಚುಗಳ, ಉಪಕರಣಗಳ ಕೆಲಸವೂ ನಡೆಯುತ್ತದೆ. ಅಳತೆ ತಪ್ಪಿದರೆ ಹೋಗುವುದು ಅಂಕವಲ್ಲ, ಗಿರಾಕಿ. ಬಿಡದಿಯಲ್ಲಿ ಟೊಯೋಟಾ ಕಂಪನಿ 2007ರಲ್ಲಿ ತೆರೆದ ತಾಂತ್ರಿಕ ತರಬೇತಿ ಸಂಸ್ಥೆಯೂ ಹತ್ತನೆಯ ತರಗತಿ ಮುಗಿಸಿದ ಗ್ರಾಮೀಣ ಬಡ ಮಕ್ಕಳನ್ನು ಮೂರು ವರ್ಷ ತನ್ನಲ್ಲಿಯೇ ಇರಿಸಿಕೊಂಡು ಕಲಿಸುವ ಪದ್ಧತಿಯನ್ನು ಹಿಡಿಯಿತು. ಇಂತಹವು ಒಳ್ಳೆಯವೇ, ಸಂಖ್ಯೆ ಮಾತ್ರ ಬೆರಳೆಣಿಕೆಯದು.

ಹೆಣ್ಣುಮಕ್ಕಳ ವಿಷಯದಲ್ಲಿ ಒಂದು ಮಾತು. ಯಾವ ಯೋಜನೆಯೇ ಬರಲಿ, ಅವರ ಪಾಲಿಗೆ ಬರುವುದು ಸಾಮಾನ್ಯವಾಗಿ ಹೊಲಿಗೆ. ಒಂದೇ ಹಳ್ಳಿಯ ಹದಿನೈದು ಮಂದಿಗೆ ಹೊಲಿಗೆ ಕಲಿಸಿ ಹದಿನೈದು ಯಂತ್ರ ಹಂಚಿದರೆ, ಆ ಹಳ್ಳಿಯಲ್ಲಿ ಹೊಲಿಸಿಕೊಳ್ಳುವವರು ಯಾರು ಎಂಬ ಲೆಕ್ಕವನ್ನು ಯಾರಾದರೂ ಹಾಕಬೇಕಷ್ಟೆ. ಮದುವೆಯಾಗಿ ಬೇರೆ ಊರಿಗೆ ಹೋದವಳ ಎರಡು ವರ್ಷಗಳ ಅನುಸರಣೆ ಯಾವ ಜಿಲ್ಲೆಯ ಸಂಸ್ಥೆಗೆ ಸೇರಿದ್ದು ಎಂಬುದೂ ಬಗೆಹರಿಯಬೇಕಾದ ಪ್ರಶ್ನೆಯೇ.

ಈಚಿನ ವರ್ಷಗಳಲ್ಲಿ ನೇರ ಧನಸಹಾಯದ ಯೋಜನೆಗಳೂ ಬಂದಿವೆ. ಕರ್ನಾಟಕ ಸರ್ಕಾರ 2024ರ ಜನವರಿಯಲ್ಲಿ ಶಿವಮೊಗ್ಗದಲ್ಲಿ ಆರಂಭಿಸಿದ ಯುವನಿಧಿಯು ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾ ಪಡೆದವರಿಗೆ 1,500 ರೂಪಾಯಿಗಳನ್ನು ಎರಡು ವರ್ಷಗಳವರೆಗೆ ಕೊಡತಕ್ಕದ್ದು. ಕೆಲಸ ಹುಡುಕುವ ಕಾಲದ ಬಸ್ಸಿನ ಖರ್ಚು, ಅರ್ಜಿಯ ಶುಲ್ಕಗಳಿಗೆ ಅದು ಒದಗೀತು. ಆದರೆ ಪದವಿಯವರೆಗೆ ಹೋಗಲಾರದೆ ನಡುವೆಯೇ ನಿಂತವರು ಅದರ ಲೆಕ್ಕಕ್ಕೆ ಬರುವುದಿಲ್ಲ.

ಹಾಗೆ ನಡುವೆ ನಿಂತವರಿಗೆ ಮರಳಿ ಓದುವ ದಾರಿ ಇದೆ ಎಂಬುದು ಹಲವರಿಗೆ ತಿಳಿಯದ ಸಂಗತಿ. ಹತ್ತನೆಯ ತರಗತಿಯ ಅನಂತರ ಎರಡು ವರ್ಷದ ಐ.ಟಿ.ಐ. ಮುಗಿಸಿದವನು ಡಿಪ್ಲೊಮಾದ ಎರಡನೆಯ ವರ್ಷಕ್ಕೆ ನೇರವಾಗಿ ಸೇರಬಹುದು. ಡಿಪ್ಲೊಮಾ ಮುಗಿಸಿದವನು ಪ್ರವೇಶ ಪರೀಕ್ಷೆ ಬರೆದು ಎಂಜಿನಿಯರಿಂಗ್ ಪದವಿಯ ಎರಡನೆಯ ವರ್ಷಕ್ಕೆ ಸೇರಬಹುದು. ಲೆಕ್ಕ ಹಾಕಿ ನೋಡಿದರೆ ಎರಡು, ಎರಡು, ಮೂರು, ಒಟ್ಟು ಏಳು ವರ್ಷ. ಪದವಿಪೂರ್ವ ಕಾಲೇಜಿನ ರಾಜಮಾರ್ಗದಲ್ಲಿ ಎರಡು ಮತ್ತು ನಾಲ್ಕು, ಒಟ್ಟು ಆರು. ವ್ಯತ್ಯಾಸ ಒಂದೇ ವರ್ಷ. ಆ ಒಂದು ವರ್ಷದ ಬೆಲೆಗೆ ಮೊದಲನೆಯವನು ಎರಡು ಮೆಟ್ಟಿಲುಗಳಲ್ಲಿ ನಿಂತು ದುಡಿಯಬಲ್ಲ ಪ್ರಮಾಣಪತ್ರಗಳನ್ನು ಗಳಿಸಿರುತ್ತಾನೆ. ತಂದೆ ಹಾಸಿಗೆ ಹಿಡಿದರೆ, ಮಳೆ ಕೈಕೊಟ್ಟರೆ, ಎರಡು ವರ್ಷ ದುಡಿದು ಮತ್ತೆ ಓದಿಗೆ ಬರಬಹುದು. ಎರಡನೆಯವನಿಗೆ ನಡುವೆ ನಿಲ್ಲಲು ಅಂತಹ ಮೆಟ್ಟಿಲಿಲ್ಲ.

ಈ ಏಣಿಯನ್ನು ಹತ್ತುವವರು ಎಡವುವುದು ಹೆಚ್ಚಾಗಿ ಒಂದೇ ಮೆಟ್ಟಿಲಿನಲ್ಲಿ. ಐ.ಟಿ.ಐ.ಯಿಂದ ಡಿಪ್ಲೊಮಾಕ್ಕೆ ಬಂದವನಿಗೆ ಕೈಯ ಕೆಲಸ ಚೆನ್ನಾಗಿ ಬರುತ್ತದೆ. ಮೊದಲ ವರ್ಷದ ಗಣಿತವನ್ನು ಮಾತ್ರ ಅವನು ಓದಿರುವುದಿಲ್ಲ, ಎರಡನೆಯ ವರ್ಷದ ಪಾಠ ಅದರ ಮೇಲೆ ನಿಂತಿರುತ್ತದೆ. ಪ್ರೌಢಶಾಲೆಯ ಗಣಿತದ ಅಧ್ಯಾಪಕರೊಬ್ಬರು ರಜೆಯ ಎರಡು ತಿಂಗಳು ಸಂಜೆ ಕುಳಿತು ಬೀಜಗಣಿತ, ತ್ರಿಕೋನಮಿತಿಗಳನ್ನು ಹೇಳಿಕೊಟ್ಟರೆ ತುಂಬಬಲ್ಲ ಕೊರತೆ ಇದು. ಇನ್ನೂ ಕೆಳಗಿನ ಮೆಟ್ಟಿಲಿನಲ್ಲಿ, ಎಂಟನೆಯ ತರಗತಿಗೆ ಓದು ಬಿಟ್ಟು ವೈರ್‌ಮನ್ ಮುಂತಾದ ಎರಡು ವರ್ಷದ ತರಬೇತಿ ಪಡೆದವರಿಗೂ ಅವಕಾಶವುಂಟು. 2016ರ ಒಪ್ಪಂದದಂತೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯಲ್ಲಿ ಭಾಷೆಯೇ ಮೊದಲಾದ ನಿಗದಿತ ವಿಷಯಗಳ ಪರೀಕ್ಷೆಯನ್ನು ಬರೆದು ಅವರು ಹತ್ತನೆಯ ತರಗತಿಯ ಅರ್ಹತೆಯನ್ನು ಪಡೆಯಬಹುದು. ಅರ್ಜಿ ತುಂಬುವುದಕ್ಕೆ ಬೇಕಾದ ಜನ್ಮದಿನಾಂಕ, ಬಿಟ್ಟ ತರಗತಿ, ಬಿಟ್ಟ ದಿನ, ಎಲ್ಲವೂ ಆತ ಓದಿದ ಶಾಲೆಯ ದಾಖಲಾತಿ ಪುಸ್ತಕದಲ್ಲಿಯೇ ಇರುತ್ತವೆ. ಅದನ್ನು ಕೇಳಿಕೊಂಡು ಬಂದ ಹಳೆಯ ವಿದ್ಯಾರ್ಥಿಗೆ ಈ ವಿಷಯವನ್ನು ತಿಳಿಸಲು ಅಧ್ಯಾಪಕರಿಗೆ ಹತ್ತು ನಿಮಿಷ ಸಾಕು.